ಓದುಗರ ಪ್ರಶ್ನೆ: ಜೋಳ ಇದೆ, ದಾರಿ ಇಲ್ಲ

ಹೋದ ಸಂಚಿಕೆಯಲ್ಲಿ ಆಫ್ರಿಕಾದ ಸುಡಾನ್ ದೇಶದ ಯುದ್ಧ, ಹಸಿವಿನ ಬಗ್ಗೆ ಅರ್ಧ ಪುಟ ಬರೆದಿದ್ದೆ. ಎಲ್ ಫಾಶರ್ ಅನ್ನೋ ಊರಿನ ಜನ ದನದ ಹಿಂಡಿ ತಿಂದು ದಿನ ದೂಡಿದರು ಅಂತ ಅದರಲ್ಲಿ ಒಂದು ಸಾಲು ಇತ್ತು. ಆ ಒಂದು ಸಾಲಿಗೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ಬೈದಿದ್ದಾರೆ, ಕೆಲವರು ಅತ್ತಿದ್ದಾರೆ, ಒಬ್ಬರು ಅಡುಗೆ ಕೇಳಿದ್ದಾರೆ. ಎಲ್ಲರಿಗೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ನನ್ನ ಪರಿಚಯ ಇಲ್ಲದವರಿಗೆ ಒಂದು ಮಾತು: ಹತ್ತು ವರ್ಷದ ಹಿಂದೆ ನಾನು ಚಾಡ್ ದೇಶದ ಪೂರ್ವ ಭಾಗದಲ್ಲಿ, ಸುಡಾನ್ ಗಡಿ ಹತ್ತಿರ, ಒಂದು ಪರಿಹಾರ ಸಂಸ್ಥೆಯ ಗೋದಾಮು ನೋಡಿಕೊಳ್ಳುತ್ತಿದ್ದೆ. ಮೂಟೆ ಎಣಿಸುವುದು, ಲಾರಿ ಕಳಿಸುವುದು, ಇಲಿ ಓಡಿಸುವುದು. ದೊಡ್ಡ ಕೆಲಸ ಏನಲ್ಲ.

ಹಿಂಡಿ ಅಂದರೆ ನಮ್ಮ ಶೇಂಗಾ ಹಿಂಡಿನಾ? ಅದನ್ನ ಮನುಷ್ಯರು ತಿಂದು ಅರಗಿಸಿಕೊಳ್ಳೋಕೆ ಆಗುತ್ತಾ?
– ಶಿರಾದ ಒಬ್ಬ ಶೇಂಗಾ ಬೆಳೆಗಾರರು

ಹೌದು ಸಾರ್, ಅದೇ ಹಿಂಡಿ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುತ್ತಲ್ಲ, ಅದು. ಅಲ್ಲಿ ಅದನ್ನು 'ಅಂಬಾಜ್' ಅನ್ನುತ್ತಾರೆ. ಸುಡಾನ್ ಶೇಂಗಾ, ಎಳ್ಳು ಎರಡನ್ನೂ ದಂಡಿಯಾಗಿ ಬೆಳೆಯುವ ದೇಶ. ಹಾಗಾಗಿ ಗಾಣಗಳೂ ಇವೆ, ಹಿಂಡಿಯೂ ಇರುತ್ತದೆ, ಒಂಟೆಗೆ, ಕತ್ತೆಗೆ, ದನಕ್ಕೆ ಹಾಕುತ್ತಾರೆ.

ಎಲ್ ಫಾಶರ್ ಸುಡಾನ್‌ನ ಪಶ್ಚಿಮದಲ್ಲಿರುವ ಉತ್ತರ ದಾರ್ಫರ್ ಪ್ರಾಂತದ ರಾಜಧಾನಿ. 2024ರ ಮೇ ತಿಂಗಳಲ್ಲಿ, ಸೈನ್ಯದ ವಿರುದ್ಧ ಹೋರಾಡುತ್ತಿರುವ ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆ ಅದಕ್ಕೆ ಮುತ್ತಿಗೆ ಹಾಕಿತು. ಮುತ್ತಿಗೆ ಸುಮಾರು ಒಂದೂವರೆ ವರ್ಷ ನಡೆಯಿತು. ಕೊನೆಯ ತಿಂಗಳುಗಳಲ್ಲಂತೂ ಊರಿನ ಸುತ್ತ ಜೆಸಿಬಿಯಲ್ಲಿ ಎತ್ತರದ ಮಣ್ಣಿನ ಒಡ್ಡು ಹಾಕಿಬಿಟ್ಟರು. ನಾವು ಹೊಲದಲ್ಲಿ ನೀರು ನಿಲ್ಲಲಿ ಅಂತ ಒಡ್ಡು ಹಾಕುತ್ತೇವೆ, ಅಲ್ವಾ? ಅಲ್ಲಿ ಹಾಕಿದ್ದು ಜನ ಆಚೆ ಹೋಗಬಾರದು, ಕಾಳು ಒಳಗೆ ಬರಬಾರದು ಅಂತ. ಆ ಒಡ್ಡು ಉಪಗ್ರಹದ ಚಿತ್ರದಲ್ಲೂ ಕಾಣುತ್ತಿತ್ತು. ಒಳಗೆ ಜೋಳ ಮುಗಿಯಿತು, ರಾಗಿ ಜಾತಿಯ ಸಜ್ಜೆ ಮುಗಿಯಿತು, ಆಮೇಲೆ ಹಿಂಡಿ. ಅದನ್ನು ನೀರಲ್ಲಿ ನೆನೆಸಿ, ಕುದಿಸಿ ತಿಂದರು.

ಅರಗುತ್ತಾ ಅಂದರೆ, ಚೂರುಪಾರು ತಿಂದರೆ ಸಾಯುವುದಿಲ್ಲ. ಆದರೆ ಹಳೇ ಹಿಂಡಿಗೆ ಬೂಸ್ಟು ಹಿಡಿದರೆ ಏನಾಗುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ನೀವು ನಿಮ್ಮ ಎಮ್ಮೆಗೂ ಅದನ್ನು ಹಾಕುವುದಿಲ್ಲ. ಅಲ್ಲಿ ಕೊಟ್ಟಿಗೆಯ ಹಿಂಡಿಯನ್ನು ಮಕ್ಕಳಿಗೆ ತಿನ್ನಿಸಿದರು, ಹೊಟ್ಟೆ ಕೆಟ್ಟು ಮಲಗಿದವರಿಗೆ ಕೊಡಲು ಆಸ್ಪತ್ರೆಯಲ್ಲಿ ಔಷಧಿ ಇರಲಿಲ್ಲ. ಕೊನೆಗೆ ಆ ಹಿಂಡಿಯೂ ಸಿಗದ ಹಾಗಾಯಿತು. 2025ರ ಅಕ್ಟೋಬರ್ 26ರಂದು ಊರು ಆರ್‌ಎಸ್‌ಎಫ್ ಕೈಗೆ ಹೋಯಿತು. ಅದರ ಬೆನ್ನಿಗೇ ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು, ಅವರ ಜೊತೆಗಿದ್ದವರು ಸೇರಿ 460ಕ್ಕೂ ಜಾಸ್ತಿ ಜನರನ್ನು ಕೊಂದರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಜಗಳ ಯಾರ ಯಾರ ನಡುವೆ? ಪರೀಕ್ಷೆಗೆ ಬರೆಯೋ ಹಾಗೆ ಚಿಕ್ಕದಾಗಿ ಹೇಳಿ.
– ಚಿತ್ರದುರ್ಗದ ಒಬ್ಬ ಪಿಯುಸಿ ವಿದ್ಯಾರ್ಥಿನಿ

ಇಬ್ಬರು ಜನರಲ್‌ಗಳ ನಡುವೆ ಕಣಮ್ಮಾ. ಒಬ್ಬ ಸೈನ್ಯದ ಮುಖ್ಯಸ್ಥ ಅಬ್ದೆಲ್ ಫತ್ತಾಹ್ ಬುರ್ಹಾನ್. ಇನ್ನೊಬ್ಬ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ಮುಖ್ಯಸ್ಥ ಮೊಹಮ್ಮದ್ ಹಮ್ದಾನ್ ದಗಲೋ, ಎಲ್ಲರೂ ಕರೆಯೋದು ಹೆಮೆದ್ತಿ ಅಂತ. 2003ರಲ್ಲಿ ದಾರ್ಫರ್‌ನಲ್ಲಿ ಹಳ್ಳಿ ಸುಟ್ಟ 'ಜಂಜವೀದ್' ಕುದುರೆ ಸವಾರರ ಗುಂಪುಗಳೇ 2013ರಲ್ಲಿ ಸರ್ಕಾರಿ ಬಟ್ಟೆ ತೊಟ್ಟು ಆರ್‌ಎಸ್‌ಎಫ್ ಆದವು. 2019ರಲ್ಲಿ ಜನ ಬೀದಿಗಿಳಿದು ಅಧ್ಯಕ್ಷ ಒಮರ್ ಅಲ್ ಬಶೀರ್ ಆಡಳಿತ ಉರುಳಿಸಿದರು. 2021ರ ಅಕ್ಟೋಬರ್‌ನಲ್ಲಿ ಇದೇ ಇಬ್ಬರು ಜನರಲ್‌ಗಳು ಕೈಜೋಡಿಸಿ ನಾಗರಿಕ ಸರ್ಕಾರವನ್ನು ಕಿತ್ತುಹಾಕಿದರು. ಆಮೇಲೆ ಯಾರ ಪಡೆ ಯಾರ ಕೈಕೆಳಗೆ ಬರಬೇಕು ಅನ್ನುವಲ್ಲಿ ಇಬ್ಬರಿಗೂ ಜಗಳ ಬಂತು. 2023ರ ಏಪ್ರಿಲ್ 15ರ ಬೆಳಿಗ್ಗೆ ಖಾರ್ತೂಮ್‌ನಲ್ಲಿ ಗುಂಡು ಹಾರಿತು. ರಂಜಾನ್ ಉಪವಾಸದ ಕೊನೆಯ ದಿನಗಳು ಅವು.

ಪರೀಕ್ಷೆಗೆ ಇಷ್ಟು ಸಾಕು. ಹೊರಗಿನ ದೇಶಗಳ ಕೈ ಬಗ್ಗೆ ಕೆಳಗೆ ಇನ್ನೊಬ್ಬರು ಕೇಳಿದ್ದಾರೆ, ಅದನ್ನೂ ಓದು.

ನಮ್ ಕಡೆನೂ ಬರ ಬರ್ತದ. 2023ರಾಗ ಮಳಿನೇ ಇರ್ಲಿಲ್ಲ. ಯಾರೂ ಹಿಂಡಿ ತಿನ್ಲಿಲ್ಲ. ಅಲ್ಲಿ ಅಷ್ಟು ದೊಡ್ಡ ನೈಲ್ ನದಿ ಐತಿ, ಆದ್ರೂ ಯಾಕ ಹಸಿವು?
– ನವಲಗುಂದದ ಒಬ್ಬ ಓದುಗರು

ಬಂದ ಪತ್ರಗಳಲ್ಲೆಲ್ಲ ಒಳ್ಳೇ ಪ್ರಶ್ನೆ ಇದು. ನೀವು ಹೇಳಿದ್ದು ಸರಿ. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223 ತಾಲೂಕನ್ನು ಬರಪೀಡಿತ ಅಂತ ಘೋಷಿಸಿದರು. ಬೆಳೆ ಹೋಯಿತು, ಸಾಲ ಆಯಿತು, ಗುಳೆ ಹೋದರು. ಆದರೆ ರೇಷನ್ ಅಂಗಡಿ ತೆರೆದಿತ್ತು, ಲಾರಿ ಓಡಾಡುತ್ತಿತ್ತು, ಪಂಜಾಬಿನ ಗೋಧಿ ಹುಬ್ಬಳ್ಳಿಗೆ ಬರುತ್ತಿತ್ತು.

ನಮ್ಮ ಭಾಷೆಯಲ್ಲಿ ಒಂದು ಗೊಂದಲ ಇದೆ. ಮಳೆ ಇಲ್ಲದಿದ್ದರೂ 'ಬರ' ಅನ್ನುತ್ತೇವೆ, ಜನ ಹಸಿದು ಸತ್ತರೂ 'ಬರ' ಅನ್ನುತ್ತೇವೆ. ಎರಡನೆಯದಕ್ಕೆ ಕ್ಷಾಮ ಅನ್ನುವ ಮಾತಿದೆ, ಪೇಪರ್‌ನವರು ಬಿಟ್ಟರೆ ಯಾರೂ ಬಳಸುವುದಿಲ್ಲ. ಈಗ ಕ್ಷಾಮ ಅಂತ ಘೋಷಿಸಲು ಲೆಕ್ಕವೇ ಇದೆ. ಐದು ಮನೆಯಲ್ಲಿ ಒಂದು ಮನೆಗಾದರೂ ತಿನ್ನಲು ಹೆಚ್ಚುಕಡಿಮೆ ಏನೂ ಇರಬಾರದು. ನೂರು ಮಕ್ಕಳಲ್ಲಿ 30 ಮಕ್ಕಳಾದರೂ ತೀರಾ ಸೊರಗಿರಬೇಕು. 10,000 ಜನರಲ್ಲಿ ದಿನಕ್ಕೆ ಇಬ್ಬರಾದರೂ ಹಸಿವಿನಿಂದಲೋ ಅದರ ಜೊತೆಗಿನ ಕಾಯಿಲೆಯಿಂದಲೋ ಸಾಯುತ್ತಿರಬೇಕು. ಈ ಮೂರೂ ಸೇರಿದರೆ ಕ್ಷಾಮ. ಅಂದರೆ ಘೋಷಣೆ ಹೊರಬೀಳುವ ಹೊತ್ತಿಗೆ ಸಾಯಬೇಕಾದವರು ಆಗಲೇ ಸಾಯುತ್ತಿರುತ್ತಾರೆ.

2024ರ ಆಗಸ್ಟ್‌ನಲ್ಲಿ ಎಲ್ ಫಾಶರ್ ಪಕ್ಕದ ಝಮ್‌ಝಮ್ ಶಿಬಿರದಲ್ಲಿ ಕ್ಷಾಮ ಇದೆ ಎಂದು ಖಚಿತಪಡಿಸಿದರು. 2003ರ ಗಲಾಟೆಯಲ್ಲಿ ಓಡಿಬಂದವರು ಕಟ್ಟಿಕೊಂಡ ಶಿಬಿರ ಅದು, ಅಲ್ಲೇ ಹುಟ್ಟಿ ಅಲ್ಲೇ ಮದುವೆಯಾದವರಿದ್ದಾರೆ. ಅದೇ ವರ್ಷದ ಡಿಸೆಂಬರ್‌ಗೆ ಇನ್ನೆರಡು ಶಿಬಿರ, ನೂಬಾ ಬೆಟ್ಟಗಳ ಪಶ್ಚಿಮ ಭಾಗ. 2025ರ ನವೆಂಬರ್‌ನಲ್ಲಿ ಎಲ್ ಫಾಶರ್ ಮತ್ತು ಕದುಗ್ಲಿ. ಈ ಊರುಗಳಲ್ಲಿ ಒಂದು ವಿಷಯ ಸಾಮಾನ್ಯ. ಎಲ್ಲವೂ ದಾರಿ ಮುಚ್ಚಿಹೋದ ಊರುಗಳು.

ನೈಲ್ ಕೇಳಿದಿರಿ. ನೀಲಿ ನೈಲ್, ಬಿಳಿ ನೈಲ್ ಎರಡರ ನಡುವೆ ಜಝೀರಾ ಅನ್ನುವ ನೀರಾವರಿ ಪ್ರದೇಶ ಇದೆ, ಸುಮಾರು 22 ಲಕ್ಷ ಎಕರೆ. 1925ರಲ್ಲಿ ಸೆನ್ನಾರ್ ಅಣೆಕಟ್ಟು ಕಟ್ಟಿ ಬ್ರಿಟಿಷರು ಹತ್ತಿಗಾಗಿ ಶುರುಮಾಡಿದ್ದು. ಆಮೇಲೆ ಗೋಧಿ, ಜೋಳ, ಶೇಂಗಾ ಎಲ್ಲ ಬಂತು. ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ಅಂಥ ಕಡೆ ಹಸಿವು ಅಂದರೆ ನಂಬೋಕೆ ಆಗುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಆರ್‌ಎಸ್‌ಎಫ್ ಅಲ್ಲಿಗೆ ನುಗ್ಗಿತು. ಟ್ರ್ಯಾಕ್ಟರ್ ಒಯ್ದರು, ಬಿತ್ತನೆ ಬೀಜ ಒಯ್ದರು. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಒಂದು ಗೋದಾಮಿನಲ್ಲಿ ಸುಮಾರು 15 ಲಕ್ಷ ಜನರಿಗೆ ಒಂದು ತಿಂಗಳಿಗೆ ಆಗುವಷ್ಟು ಆಹಾರ ಇತ್ತು, ಅದನ್ನೂ ಲೂಟಿ ಮಾಡಿದರು. ವಾದ್ ಮದನಿ ಊರಿನಲ್ಲಿ ದೇಶದ ಬೀಜ ಬ್ಯಾಂಕ್ ಇತ್ತು. ಸುಡಾನ್‌ನ ನಾಟಿ ಜೋಳದ ತಳಿಗಳನ್ನೆಲ್ಲ ಕಾಪಿಟ್ಟ ಜಾಗ. ಅಲ್ಲಿಗೂ ನುಗ್ಗಿ ಫ್ರೀಜರ್ ಕದ್ದರು. ಬೀಜ ಏನಾಯಿತು ಅಂತ ನೋಡುವಷ್ಟು ಪುರುಸೊತ್ತು ಕದ್ದವರಿಗಿರಲಿಲ್ಲ.

ಸುಡಾನ್‌ನ ಪೂರ್ವದ ಗೆದಾರಿಫ್ ಕಡೆ ಜೋಳ ಬೆಳೆಯುತ್ತದೆ ಸ್ವಾಮಿ, ಈಗಲೂ. ಅದು ದಾರ್ಫರ್ ತಲುಪುವುದಿಲ್ಲ. ಅಷ್ಟೇ ಕತೆ. ನಾನು ಕೊಟ್ಟ ತಲೆಬರಹ ಇದೇ.

ಯುದ್ಧ ಶುರುವಾದಾಗ ನಮ್ಮ ಹಾಡಿಯವರೂ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅದನ್ನ ಯಾಕೆ ಬರೆಯಲಿಲ್ಲ?
– ಹುಣಸೂರಿನ ಒಬ್ಬ ಓದುಗರು

ತಪ್ಪಾಯಿತು, ಬರೆಯಬೇಕಿತ್ತು. ಹುಣಸೂರು, ಚನ್ನಗಿರಿ, ಶಿವಮೊಗ್ಗ ಕಡೆಯ ಹಕ್ಕಿಪಿಕ್ಕಿ ಜನ ತಲೆಗೆ ಹಚ್ಚುವ ಎಣ್ಣೆ, ಗಿಡಮೂಲಿಕೆ ಮಾರಲು ಆಫ್ರಿಕಾದ ಹತ್ತಾರು ದೇಶಕ್ಕೆ ಹೋಗುತ್ತಾರೆ. ನಮ್ಮ ನಗರದವರು ವೀಸಾ ಅಂದರೆ ತಲೆಕೆಡಿಸಿಕೊಳ್ಳುವಾಗ ಇವರು ನಾಲ್ಕು ಮಾತು ಫ್ರೆಂಚ್, ನಾಲ್ಕು ಮಾತು ಅರಬ್ಬಿ ಕಲಿತು ವ್ಯಾಪಾರ ಮಾಡಿ ಬರುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಸಿಕ್ಕಿಕೊಂಡವರಲ್ಲಿ ಒಂದು ಗುಂಪು ಇದ್ದದ್ದು ಇದೇ ಎಲ್ ಫಾಶರ್‌ನಲ್ಲಿ, ಬಾಡಿಗೆ ಮನೆಯಲ್ಲಿ. ನಮ್ಮಲ್ಲಿ ವಿಧಾನಸಭೆ ಚುನಾವಣೆ ಹೊತ್ತು ಅದು. ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ತಿರುಗಿಬಿದ್ದರು, ಎರಡು ದಿನ ಅದೇ ಸುದ್ದಿ. ಅದಾದ ಮೇಲೆ 'ಆಪರೇಷನ್ ಕಾವೇರಿ' ನಡೆಯಿತು. ಪೋರ್ಟ್ ಸುಡಾನ್ ಬಂದರಿನಿಂದ ಹಡಗು, ವಿಮಾನದಲ್ಲಿ ಜೆದ್ದಾ, ಅಲ್ಲಿಂದ ಊರಿಗೆ. ಒಟ್ಟು 3,862 ಜನರನ್ನು ಕರೆತಂದರು. ಒಳ್ಳೇ ಕೆಲಸ, ಅದರಲ್ಲಿ ಎರಡು ಮಾತಿಲ್ಲ.

ಆದರೆ ನಿಮ್ಮ ಹಾಡಿಯವರಿಗೆ ಮನೆ ಬಾಡಿಗೆಗೆ ಕೊಟ್ಟವರು, ಅವರ ಎಣ್ಣೆ ಕೊಂಡ ಹೆಂಗಸರು, ನಲ್ಲಿ ನೀರು ನಿಂತಾಗ ಪಕ್ಕದಲ್ಲಿದ್ದವರು, ಅವರಿಗೆ ಯಾವ ಹಡಗೂ ಬರಲಿಲ್ಲ. ಮೂರು ವರ್ಷದ ಹಿಂದೆ ಆ ಊರಿನ ಬೀದಿಗಳಲ್ಲಿ ಕನ್ನಡ ಕೇಳಿಸುತ್ತಿತ್ತು ಅಂದುಕೊಂಡಾಗ ನನಗಂತೂ ಅದು ದೂರದ ಊರು ಅನ್ನಿಸುವುದಿಲ್ಲ.

ನಿರಾಶ್ರಿತ, ಸ್ಥಳಾಂತರಗೊಂಡವರು, ವಲಸಿಗ, ಇವೆಲ್ಲ ಒಂದೇ ಅಲ್ವಾ? ಪಾಠ ಮಾಡುವಾಗ ಏನು ಹೇಳಲಿ?
– ಬಾಗಲಕೋಟೆಯ ಒಬ್ಬ ಶಾಲಾ ಶಿಕ್ಷಕಿ

ನಿಮ್ಮೂರಲ್ಲೇ ಉದಾಹರಣೆ ಇದೆ ಮೇಡಂ. ಆಲಮಟ್ಟಿ ಹಿನ್ನೀರಿಗೆ ಮನೆ ಕೊಟ್ಟ ಮುಳುಗಡೆ ಸಂತ್ರಸ್ತರು ಊರು ಬಿಟ್ಟರು, ದೇಶ ಬಿಡಲಿಲ್ಲ. ಬೈಲಕುಪ್ಪೆಯ ಟಿಬೆಟನ್ನರು ಗಡಿ ದಾಟಿ ಬಂದರು. ಕೆಲಸ ಹುಡುಕಿ ತಾವಾಗಿ ಹೋದವರು ವಲಸಿಗರು. ಜೀವಭಯಕ್ಕೆ ಗಡಿ ದಾಟಿದವರು ನಿರಾಶ್ರಿತರು, ಅವರಿಗೆ 1951ರ ಒಪ್ಪಂದದ ಪ್ರಕಾರ ಕೆಲವು ಹಕ್ಕುಗಳಿವೆ (ಭಾರತ ಅದಕ್ಕೆ ಸಹಿ ಹಾಕಿಲ್ಲ, ಅದು ಬೇರೆ ಮಾತು). ದೇಶದೊಳಗೇ ಓಡಿದವರು ಆಂತರಿಕವಾಗಿ ಸ್ಥಳಾಂತರಗೊಂಡವರು. ಅವರನ್ನು ನೋಡಿಕೊಳ್ಳಬೇಕಾದ್ದು ಅವರದ್ದೇ ಸರ್ಕಾರ. ಅವರ ಮನೆ ಮೇಲೆ ಬಾಂಬ್ ಹಾಕುತ್ತಿರುವುದೂ ಅದೇ ಸರ್ಕಾರ ಆಗಿದ್ದರೆ? ಅಲ್ಲೇ ತೊಡಕು.

ಮಕ್ಕಳಿಗೆ ಅಂಕಿ ಬೇಕಾದರೆ: ಸುಡಾನ್ ಜನಸಂಖ್ಯೆ ಸುಮಾರು 5 ಕೋಟಿ. ಈ ಯುದ್ಧದಲ್ಲಿ ಒಂದು ಹಂತಕ್ಕೆ 1.2 ಕೋಟಿಗೂ ಜಾಸ್ತಿ ಜನ ಮನೆ ಬಿಟ್ಟಿದ್ದರು. ಬೆಂಗಳೂರು ಹೆಚ್ಚುಕಡಿಮೆ ಪೂರ್ತಿ ಖಾಲಿ ಆದ ಹಾಗೆ. ಅವರಲ್ಲಿ 40 ಲಕ್ಷಕ್ಕೂ ಹೆಚ್ಚು ಜನ ಈಜಿಪ್ಟ್, ಚಾಡ್, ದಕ್ಷಿಣ ಸುಡಾನ್ ಮುಂತಾದ ಕಡೆ ಗಡಿ ದಾಟಿದರು. 2025ರ ಮಾರ್ಚ್‌ನಲ್ಲಿ ಸೈನ್ಯ ಖಾರ್ತೂಮನ್ನು ಮತ್ತೆ ಹಿಡಿದ ಮೇಲೆ ಸುಮಾರು ಜನ ವಾಪಸ್ ಹೋಗಿದ್ದಾರೆ, ಕರೆಂಟಿಲ್ಲದ, ಕಿಟಕಿ ಬಾಗಿಲು ಕಿತ್ತುಕೊಂಡು ಹೋದ ಮನೆಗಳಿಗೆ.

ಕೋಟಿಗಟ್ಟಲೆ ಡಾಲರ್ ಹೋಗುತ್ತೆ ಅಂತೀರಿ. ಅರ್ಧ ದುಡ್ಡು ಮಧ್ಯದವರೇ ತಿಂತಾರೆ, ಸುಮ್ನೆ ಯಾಕೆ ನಾಟಕ?
– ಹೆಸರು ಬರೆಯದ ಒಬ್ಬ ಓದುಗರು, ದಾವಣಗೆರೆ

ತಿನ್ನುವವರು ಇದ್ದಾರೆ. ನಾನಿದ್ದ ಗೋದಾಮಿನಲ್ಲೂ ಒಂದು ಸಲ ಎಣ್ಣೆ ಡಬ್ಬಗಳು ಲೆಕ್ಕಕ್ಕೆ ಸಿಗಲಿಲ್ಲ, ಮೂರು ದಿನ ಆದಮೇಲೆ ಸಂತೆಯಲ್ಲಿ ಅದೇ ಗುರುತಿನ ಡಬ್ಬಗಳು ಮಾರಾಟಕ್ಕಿದ್ದವು. ನಾನೇ ಸಹಿ ಹಾಕಿದ್ದ ಲೆಕ್ಕ, ನಾಚಿಕೆ ಆಯಿತು. ಹಾಗಂತ ಅರ್ಧ ಹೋಗುತ್ತಿರಲಿಲ್ಲ. ಆ ಗೋದಾಮಿನಲ್ಲಿ ನನಗೆ ನೆನಪಿರುವುದು ಬೇರೆ. ಹಂಚಿಕೆ ದಿನ ಜೋಳದ ಮೂಟೆ ಬಿಚ್ಚಿ ಡಬ್ಬದಲ್ಲಿ ಅಳೆದು ಹಾಕುವಾಗ ನಾಲ್ಕು ಕಾಳು ಮಣ್ಣಿಗೆ ಬೀಳುತ್ತದೆ. ಸಂಜೆ ಎಲ್ಲ ಮುಗಿದ ಮೇಲೆ ಚೀಟಿ ಇಲ್ಲದ ಹೆಂಗಸರು ಸಣ್ಣ ಪೊರಕೆ ತಂದು ಆ ಜಾಗ ಗುಡಿಸುತ್ತಿದ್ದರು. ಮಣ್ಣು ಸಮೇತ ಮೊರಕ್ಕೆ ಹಾಕಿಕೊಂಡು, ಗಾಳಿಗೆ ತೂರಿ, ಕೇರಿ, ಒಂದು ಪಾವು ಕಾಳು ಆದರೆ ಅವತ್ತಿನ ಊಟ ಆಯಿತು. ಯಾರ ಪೊರಕೆ ಯಾವ ಜಾಗಕ್ಕೆ ಅಂತ ಅವರವರಲ್ಲೇ ಒಪ್ಪಂದ ಇತ್ತು, ಜಗಳ ಆಡಿದ್ದು ನಾನು ನೋಡಿಲ್ಲ.

ಇನ್ನು ದುಡ್ಡು. 2025ಕ್ಕೆ ಸುಡಾನ್ ಒಳಗಿನ ಕೆಲಸಕ್ಕೆ ವಿಶ್ವಸಂಸ್ಥೆ ಕೇಳಿದ್ದು ಸುಮಾರು 420 ಕೋಟಿ ಡಾಲರ್, ನಮ್ಮ ರೂಪಾಯಿಯಲ್ಲಿ 35,000 ಕೋಟಿ ಚಿಲ್ಲರೆ. ನಮ್ಮ ಗೃಹಲಕ್ಷ್ಮಿ ಯೋಜನೆಗೆ ವರ್ಷಕ್ಕೆ 28,000 ಕೋಟಿ ದಾಟುತ್ತದೆ, ಅದರ ಪಕ್ಕ ಇಟ್ಟು ನೋಡಿ. ಇದು ಎರಡು ಕೋಟಿ ಜನರ ಊಟ, ಔಷಧಿ, ನೀರು, ತಾಡಪಾಲು ಎಲ್ಲ ಸೇರಿ. ಸಿಕ್ಕಿದ್ದು ಅದರ ಅರ್ಧವೂ ಅಲ್ಲ. ಮಧ್ಯದವರು ತಿಂದರು ಅಂತ ಕೋಪ ಮಾಡುವ ಮೊದಲು, ಕೊಡುವವರೇ ಕೊಡಲಿಲ್ಲ ಅನ್ನುವುದನ್ನೂ ಸ್ವಲ್ಪ ಕೋಪಕ್ಕೆ ಸೇರಿಸಿಕೊಳ್ಳಿ.

ದುಡ್ಡಿದ್ದರೂ ಲಾರಿ ಹೋಗಬೇಕಲ್ಲ. ಪೋರ್ಟ್ ಸುಡಾನ್ ಕೆಂಪು ಸಮುದ್ರದ ದಡದಲ್ಲಿದೆ, ಪೂರ್ವದ ತುದಿ. ದಾರ್ಫರ್ ಪಶ್ಚಿಮದ ತುದಿ. ನಡುವೆ ಎರಡೂ ಕಡೆಯ ಸೈನಿಕರ ಚೆಕ್‌ಪೋಸ್ಟ್. ಪ್ರತಿ ಲಾರಿಗೆ, ಪ್ರತಿ ಪ್ರಯಾಣಕ್ಕೆ ಅನುಮತಿ ಪತ್ರ. ಒಬ್ಬರು ಕೊಟ್ಟರೆ ಇನ್ನೊಬ್ಬರು ಕೊಡುವುದಿಲ್ಲ. 2025ರ ಜೂನ್ 2ರಂದು 15 ಲಾರಿಗಳ ಒಂದು ಸಾಲು 1,800 ಕಿಲೋಮೀಟರ್ ಬಂದು, ಎಲ್ ಫಾಶರ್ ಹತ್ತಿರದ ಅಲ್ ಕೋಮಾದಲ್ಲಿ ನಿಂತು ಮುಂದೆ ಹೋಗಲು ಕಾಯುತ್ತಿತ್ತು. ಅಲ್ಲೇ ಅದರ ಮೇಲೆ ದಾಳಿ ಆಯಿತು. ಐವರು ಸತ್ತರು, ಲಾರಿಗಳು ಹೊತ್ತಿ ಉರಿದವು. ದಾಳಿ ಮಾಡಿದ್ದು ನೀನು, ನೀನು ಅಂತ ಎರಡೂ ಕಡೆಯವರು ಕೈತೋರಿಸಿಕೊಂಡರು.

ಇನ್ನೊಂದು ದಾರಿ ಚಾಡ್‌ನ ಅದ್ರೆ ಎಂಬ ಗಡಿ ಊರಿನಿಂದ. ಚಾಡ್‌ಗೆ ಸಮುದ್ರವೇ ಇಲ್ಲ, ಕ್ಯಾಮರೂನ್‌ನ ದುವಾಲಾ ಬಂದರಿಗೆ ಸರಕು ಬಂದು ಅಲ್ಲಿಂದ ಇಡೀ ಚಾಡ್ ದಾಟಿ ಬರಬೇಕು. ಆ ಗಡಿಯನ್ನೂ ಸುಡಾನ್ ಸರ್ಕಾರ 2024ರ ಫೆಬ್ರವರಿಯಲ್ಲಿ ಮುಚ್ಚಿತು, ಆಯುಧ ಬರುತ್ತದೆ ಅನ್ನುವ ಕಾರಣ ಕೊಟ್ಟು. ಆಗಸ್ಟ್‌ನಲ್ಲಿ ತೆರೆಯಿತು. ಆಗಸ್ಟ್ ಅಂದರೆ ಅಲ್ಲಿ ಮಳೆಗಾಲ. ಬೇಸಿಗೆಯಲ್ಲಿ ಬರೀ ಮರಳಾಗಿರುವ ಹಳ್ಳ ಒಂದು ರಾತ್ರಿ ಮಳೆಗೆ ಉಕ್ಕಿ ಹರಿಯುತ್ತದೆ. ನಮ್ಮ ಡೋಣಿ ಹೊಳೆ ನೋಡಿದವರಿಗೆ ಗೊತ್ತು. ಆ ತಿಂಗಳಲ್ಲೇ ಮೊರ್ನಿ ಎಂಬಲ್ಲಿ ಸೇತುವೆ ಕೊಚ್ಚಿಹೋಯಿತು. ಲಾರಿ ಈ ದಡದಲ್ಲಿ, ಹಸಿದವರು ಆ ದಡದಲ್ಲಿ.

ಹೊರಗಿನವರು ಕೊಡಲಿ ಅಂತ ಕೂರೋದೇ ಆಯ್ತು. ಅಲ್ಲಿನ ಜನ ತಾವಾಗಿ ಏನೂ ಮಾಡಲ್ವಾ?
– ತೀರ್ಥಹಳ್ಳಿಯ ಒಬ್ಬ ಓದುಗರು

ನಿಮ್ಮ ಕಡೆ ನಾಟಿ ಹೊತ್ತಿಗೆ ಮುಯ್ಯಾಳು ಕರೆಯುತ್ತೀರಲ್ಲ? ಇವತ್ತು ನನ್ನ ಗದ್ದೆಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾವು. ಸುಡಾನ್‌ನಲ್ಲೂ ಅದು ಇದೆ, ಹೆಸರು 'ನಫೀರ್'. ಬೆಳೆ ಕೊಯ್ಯಲು, ಮನೆ ಕಟ್ಟಲು, ನೆರೆ ಬಂದಾಗ ಒಡ್ಡು ಹಾಕಲು ಊರೇ ಸೇರುತ್ತದೆ. ಯುದ್ಧ ಶುರುವಾಗಿ ವಿದೇಶಿ ಸಂಸ್ಥೆಗಳು ಖಾರ್ತೂಮ್ ಬಿಟ್ಟು ಹೋದಾಗ ಬೀದಿ ಬೀದಿಯಲ್ಲಿ ಹುಡುಗ ಹುಡುಗಿಯರು ಇದೇ ನಫೀರ್ ಜಾಡಿನಲ್ಲಿ ಗುಂಪು ಕಟ್ಟಿದರು. ಬಹುಪಾಲು 2019ರಲ್ಲಿ ಬಶೀರ್ ವಿರುದ್ಧ ಬೀದಿಯಲ್ಲಿ ಕೂಗಿದವರೇ. ಈ ಗುಂಪುಗಳ ಹೆಸರು 'ಎಮರ್ಜೆನ್ಸಿ ರೆಸ್ಪಾನ್ಸ್ ರೂಮ್', ನಮ್ಮ ಮಾತಲ್ಲಿ 'ತುರ್ತು ಕೋಣೆ' ಅನ್ನಬಹುದು. 2025ರಲ್ಲಿ ಇವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಏನು ಮಾಡುತ್ತಾರೆ? ಎಲ್ಲಕ್ಕಿಂತ ಹೆಚ್ಚಾಗಿ ಅಡುಗೆ. 'ತಕಾಯಾ' ಅಂತ ಕರೆಯುವ ಊಟದ ಮನೆಗಳು, ಸೂಫಿ ಮಠಗಳಲ್ಲಿ ಮೊದಲಿಂದ ನಡೆದುಕೊಂಡು ಬಂದದ್ದು. ನಮ್ಮ ದಾಸೋಹ ಅಂದುಕೊಳ್ಳಿ, ನೆರೆ ಬಂದಾಗಿನ ಗಂಜಿ ಕೇಂದ್ರ ಅಂದುಕೊಳ್ಳಿ. ಮೂರು ಕಲ್ಲು, ಒಂದು ಕೊಪ್ಪರಿಗೆ, ಮಸೂರ್ ಬೇಳೆ ಅಥವಾ ಜೋಳದ ಹಿಟ್ಟು. ಮಕ್ಕಳು ಡಬ್ಬ, ಬಕೆಟ್ ಹಿಡಿದು ಸಾಲಲ್ಲಿ. ಬ್ಯಾಂಕುಗಳು ಲೂಟಿಯಾಗಿ ನೋಟೇ ಸಿಗದ ಊರಲ್ಲಿ ದುಡ್ಡು ಹೇಗೆ ಬರುತ್ತದೆ? ಅಲ್ಲಿ 'ಬಂಕಕ್' ಅಂತ ಒಂದು ಆ್ಯಪ್ ಇದೆ, ನಮ್ಮ ಫೋನ್‌ಪೇ ತರಹ. ಕೊಲ್ಲಿ ದೇಶಗಳಲ್ಲಿ, ಲಂಡನ್‌ನಲ್ಲಿ ಇರುವ ಅಣ್ಣ ತಮ್ಮಂದಿರು ಅದಕ್ಕೆ ಹಾಕುತ್ತಾರೆ. ನೆಟ್‌ವರ್ಕ್ ಸತ್ತ ಕಡೆ ಉಪಗ್ರಹದಿಂದ ಇಂಟರ್ನೆಟ್ ಹಿಡಿಯುವ ಯಾರದ್ದೋ ಸ್ಟಾರ್‌ಲಿಂಕ್ ಡಿಶ್ ಇರುತ್ತದೆ, ಗಂಟೆ ಲೆಕ್ಕದಲ್ಲಿ ಕಾಸು ಕೊಟ್ಟು ಅಲ್ಲಿ ಫೋನ್ ಹಿಡಿದು ಕೂರಬೇಕು. ಆ್ಯಪ್‌ನಲ್ಲಿ ಬಂದ ದುಡ್ಡನ್ನು ನೋಟು ಮಾಡಿಸಲು ವ್ಯಾಪಾರಿ ಕಮಿಷನ್ ಹೊಡೆಯುತ್ತಾನೆ. ಹೊಡೆದು ಉಳಿದದ್ದಕ್ಕೆ ಬೇಳೆ.

2025ರ ಜನವರಿಯಲ್ಲಿ ಅಮೆರಿಕ ಇದ್ದಕ್ಕಿದ್ದಂತೆ ವಿದೇಶಿ ನೆರವು ನಿಲ್ಲಿಸಿತು. ಈ ಊಟದ ಮನೆಗಳಿಗೂ ಆ ದುಡ್ಡು ಸಣ್ಣ ಸಣ್ಣ ಕಂತಿನಲ್ಲಿ ಬರುತ್ತಿತ್ತು. ಕೆಲವೇ ವಾರದಲ್ಲಿ ಐದರಲ್ಲಿ ನಾಲ್ಕು ಕಡೆ, ಅಂದರೆ ಸಾವಿರಕ್ಕೂ ಹೆಚ್ಚು ಕಡೆ ಒಲೆ ಆರಿತು. ಆಮೇಲೆ ಒಂದಷ್ಟು ಮತ್ತೆ ಹೊತ್ತಿದವು.

ಈ ಹುಡುಗರನ್ನು ಎರಡೂ ಪಡೆಯವರು ಹಿಡಿದು ಒಳಗೆ ಹಾಕಿದ್ದಾರೆ, ಕೊಂದೂ ಇದ್ದಾರೆ. ಆ ಕಡೆಯ ಜನರಿಗೆ ಅನ್ನ ಹಾಕಿದೆಯಾ, ಹಾಗಾದರೆ ನೀನು ಆ ಕಡೆಯವನು, ಅಷ್ಟೇ ಎರಡೂ ಪಡೆಗಳ ತರ್ಕ. 'ಕೂತಿದ್ದಾರೆ' ಅನ್ನುವ ಮಾತು ವಾಪಸ್ ತಗೊಳ್ಳುತ್ತೀರಾ?

ನಮ್ಮ ಅಂಗನವಾಡಿಯಲ್ಲೂ ತೋಳಿನ ಸುತ್ತಳತೆ ನೋಡುವ ಪಟ್ಟಿ ಇದೆ. ಅಲ್ಲಿ ಬಳಸೋದೂ ಅದೇನಾ?
– ಸಿಂಧನೂರಿನ ಒಬ್ಬ ಅಂಗನವಾಡಿ ಕಾರ್ಯಕರ್ತೆ

ಅದೇ ಪಟ್ಟಿ, ಅದೇ ಮೂರು ಬಣ್ಣ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಆ ಅಳತೆ ಎಷ್ಟು ಅಂತ ಗೊತ್ತಾಗಬೇಕಾದರೆ ಒಂದು ದಾರ ಅಷ್ಟು ಕತ್ತರಿಸಿ ಉಂಗುರ ಮಾಡಿ ನೋಡಿ, ನಿಮ್ಮ ಎರಡು ಬೆರಳು ಸೇರಿಸಿ ತೂರಿಸಿದರೆ ಹೆಚ್ಚು ಜಾಗ ಉಳಿಯುವುದಿಲ್ಲ. ಕೆಂಪು ಬಂದ ಮಗುವಿಗೆ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ ಸೇರಿಸಿದ ಒಂದು ಪೇಸ್ಟ್ ಕೊಡುತ್ತಾರೆ. 92 ಗ್ರಾಂ ಪೊಟ್ಟಣ, 500 ಕ್ಯಾಲರಿ. ನೀರು ಬೇಡ, ಬೆಂಕಿ ಬೇಡ, ಮಗು ನೇರ ಚೀಪುತ್ತದೆ. ಆರೆಂಟು ವಾರದಲ್ಲಿ ಮಗು ಬದಲಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ: ಮೊದಲು ಅಳು ವಾಪಸ್ ಬರುತ್ತದೆ, ಆಮೇಲೆ ಹಟ. ತಾಯಂದಿರು ಮಗು ಹಟ ಮಾಡಿತು ಅಂತ ಖುಷಿಪಡುವುದು ಅಲ್ಲಿ ಮಾತ್ರ ನೋಡಿದೆ. ಶಿರಾದವರು ಈ ಉತ್ತರವನ್ನೂ ಓದಲಿ. ಒಂದೇ ಶೇಂಗಾ, ಈ ಪೊಟ್ಟಣದಲ್ಲಿ ಮದ್ದಾಗಿ ಬಂತು, ಎಲ್ ಫಾಶರ್‌ನಲ್ಲಿ ಹಿಂಡಿಯಾಗಿ ಬಂತು.

ದುಬೈ ಚಿನ್ನಕ್ಕೂ ಈ ಯುದ್ಧಕ್ಕೂ ಸಂಬಂಧ ಇದೆ ಅಂತ ಇಲ್ಲಿ ಗೆಳೆಯರು ಹೇಳ್ತಾರೆ. ನಿಜವಾ?
– ದುಬೈನಲ್ಲಿರುವ ಒಬ್ಬ ಕನ್ನಡಿಗರು

ಸಂಬಂಧ ಇದೆ. ಸುಡಾನ್‌ನ ದೊಡ್ಡ ರಫ್ತು ಚಿನ್ನ, ಅದರಲ್ಲಿ ಬಹುಪಾಲು ಯುಎಇಗೆ ಹೋಗುತ್ತದೆ, ಲೆಕ್ಕಕ್ಕೆ ಸಿಕ್ಕಿದ್ದೂ ಸಿಗದ್ದೂ. ಎರಡೂ ಪಡೆಗಳಿಗೆ ಗಣಿಗಳಿವೆ. ಯುಎಇ ಚಾಡ್ ಮೂಲಕ ಆರ್‌ಎಸ್‌ಎಫ್‌ಗೆ ಆಯುಧ ಕಳಿಸುತ್ತಿದೆ ಎಂಬ ಆರೋಪ ನಂಬಬಹುದಾದದ್ದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2024ರಲ್ಲಿ ಹೇಳಿತು. ಯುಎಇ ಇದನ್ನು ಒಪ್ಪುವುದಿಲ್ಲ. ಸುಡಾನ್ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು, ತನಗೆ ಅಧಿಕಾರ ವ್ಯಾಪ್ತಿ ಇಲ್ಲ ಅಂತ 2025ರ ಮೇ ತಿಂಗಳಲ್ಲಿ ನ್ಯಾಯಾಲಯ ಕೇಸು ಕೈಬಿಟ್ಟಿತು. ಸೈನ್ಯದ ಬೆನ್ನಿಗೆ ಈಜಿಪ್ಟ್ ಇದೆ, ಡ್ರೋನ್‌ಗಳು ಟರ್ಕಿ, ಇರಾನ್ ಕಡೆಯಿಂದ ಬಂದವು. ನೀವು ಅಲ್ಲಿ ಕೊಳ್ಳುವ ಬಳೆಯಲ್ಲಿ ಎಲ್ಲಿಯ ಚಿನ್ನ ಇದೆ ಅಂತ ಅಂಗಡಿಯವನಿಗೂ ಗೊತ್ತಿರುವುದಿಲ್ಲ, ಕರಗಿಸಿದ ಮೇಲೆ ಎಲ್ಲ ಒಂದೇ.

ಹಳೇ ಬಟ್ಟೆ, ಹೊದಿಕೆ ಎರಡು ಚೀಲ ಇದೆ. ಕಳಿಸೋದು ಹೇಗೆ?
– ಮಂಗಳೂರಿನ ಒಬ್ಬ ಓದುಗರು

ಕಳಿಸಬೇಡಿ ಅಕ್ಕಾ. ಕೊಡಗಿನ ಮಳೆ, ಬೆಳಗಾವಿ ನೆರೆ ಆದಾಗ ಪರಿಹಾರ ಕೇಂದ್ರಗಳ ಹೊರಗೆ ಬಿದ್ದಿದ್ದ ಬಟ್ಟೆ ರಾಶಿ ನೆನಪಿದೆಯಾ? ಅದರಲ್ಲಿ ಒಂದು ಕಾಲಿನ ಚಪ್ಪಲಿಯೂ ಇರುತ್ತಿತ್ತು. ಇನ್ನು ಸಮುದ್ರ ದಾಟಿಸುವ ಖರ್ಚು ಬಟ್ಟೆಯ ಬೆಲೆಗಿಂತ ಜಾಸ್ತಿ. ಕೊಡುವ ಮನಸ್ಸಿದ್ದರೆ ದುಡ್ಡು ಕೊಡಿ. ಸುಡಾನ್‌ನಲ್ಲಿ ಆಸ್ಪತ್ರೆ ನಡೆಸುತ್ತಿರುವ ಎಂಎಸ್‌ಎಫ್‌ಗೆ (ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್) ಭಾರತದಲ್ಲೇ ಕಚೇರಿ ಇದೆ. ನಿರಾಶ್ರಿತರನ್ನು ನೋಡಿಕೊಳ್ಳುವ ಯುಎನ್‌ಎಚ್‌ಸಿಆರ್‌ಗೂ ಇದೆ. ವಿಶ್ವ ಆಹಾರ ಕಾರ್ಯಕ್ರಮದ 'ಶೇರ್ ದ ಮೀಲ್' ಆ್ಯಪ್‌ನಲ್ಲಿ ಒಂದು ಊಟದ ಲೆಕ್ಕದಲ್ಲೂ ಕೊಡಬಹುದು. ನಿಮ್ಮ ದುಡ್ಡು ಸುಡಾನ್‌ಗೇ ಹೋಗುತ್ತದಾ, ಒಟ್ಟು ನಿಧಿಗೆ ಸೇರುತ್ತದಾ ಅಂತ ಮೊದಲೇ ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ಆ ಎರಡು ಚೀಲ ಬಟ್ಟೆ, ಒಗೆದು ಇಸ್ತ್ರಿ ಮಾಡಿ, ಮಂಗಳೂರಲ್ಲೇ ಬೇಕಾದವರಿಗೆ ಕೊಡಿ.

'ಅಸೀದಾ' ಅಂತ ಬರೆದಿದ್ದಿರಿ. ಅದು ನಮ್ಮ ಮುದ್ದೆನಾ? ಮಾಡೋದು ಹೇಗೆ?
– ಮಂಡ್ಯದ ಒಬ್ಬ ಗೃಹಿಣಿ

ಮುದ್ದೆಯ ದಾಯಾದಿ. ಜೋಳದ ಹಿಟ್ಟನ್ನು ಹಿಂದಿನ ರಾತ್ರಿ ನೀರಲ್ಲಿ ಕಲಸಿ ಸ್ವಲ್ಪ ಹುಳಿ ಬರಲು ಬಿಡುತ್ತಾರೆ. ಬೆಳಿಗ್ಗೆ ಕುದಿಯುವ ನೀರಿಗೆ ಸುರಿದು ಕೋಲಲ್ಲಿ ಗಂಟಿಲ್ಲದ ಹಾಗೆ ತಿರುವುತ್ತಾರೆ. ಗಟ್ಟಿ ಆದ ಮೇಲೆ ಉಂಡೆ ಕಟ್ಟುವುದಿಲ್ಲ, ಎಣ್ಣೆ ಸವರಿದ ಬಟ್ಟಲಿಗೆ ಹಾಕಿ ಅಗಲ ತಟ್ಟೆಗೆ ಬೋರಲು ಹಾಕುತ್ತಾರೆ, ಇಡ್ಲಿ ತೆಗೆದ ಹಾಗೆ. ಸುತ್ತ ಸಾರು ಸುರಿಯುತ್ತಾರೆ. ಸಾರಿಗೆ ಒಣಗಿಸಿ ಪುಡಿ ಮಾಡಿದ ಬೆಂಡೆಕಾಯಿ, 'ವೇಕಾ' ಅಂತ ಹೆಸರು, ಜೊತೆಗೆ ಈರುಳ್ಳಿ, ಒಣಗಿದ ಮಾಂಸ. ಮಾಂಸ ಬೇಡದವರು ಬರೀ ಈರುಳ್ಳಿ ಹುರಿದು ಮಾಡಬಹುದು. ಎಲ್ಲರೂ ಒಂದೇ ತಟ್ಟೆಗೆ ಕೈ ಹಾಕಿ ತಿನ್ನುವುದು.

ಚಾಡ್‌ನಲ್ಲಿ ಒಂದು ದಾರ್ಫರ್ ಕುಟುಂಬದ ಗುಡಿಸಲಲ್ಲಿ ಮೊದಲ ಸಲ ಕೂತಾಗ ನಾನು ಅಭ್ಯಾಸಬಲದಿಂದ ಅಗಿಯದೇ ನುಂಗಿದೆ. ಆ ಮನೆಯ ಅಜ್ಜಿ ನೋಡಿ, ಇವನಿಗೆ ಹಲ್ಲಿಲ್ಲವಾ ಅಂತ ಮೊಮ್ಮಗಳನ್ನು ಕೇಳಿದರು. ನಮ್ಮಲ್ಲಿ ಮುದ್ದೆ ಅಗಿಯುವುದಿಲ್ಲ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಬೆಂಡೆಕಾಯಿ ಎಳೇದು ತಗೊಳ್ಳಿ, ಬಿಲ್ಲೆ ಹೆಚ್ಚಿ ನಾಲ್ಕು ದಿನ ಬಿಸಿಲಿಗೆ ಹಾಕಿ, ಮಳೆಗಾಲದಲ್ಲಿ ಬೇಡ, ಬೂಸ್ಟು ಬರುತ್ತದೆ.